ಸಂಜೆ ಏಳು

ಮೊದಲ ಸಲ ಹೋದಾಗ ಅಲ್ಲಿ ಮೀಟಿಂಗೇ ಇರಲಿಲ್ಲ.

2022ರ ನವೆಂಬರ್, ಮಂಗಳವಾರ. ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬರು ಕೊಟ್ಟಿದ್ದ ಚೀಟಿ ಜೇಬಿನಲ್ಲಿತ್ತು. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಸೇರುವ ಕೂಟದ ಚೀಟಿ. ಒಂದು ಶಾಲೆಯ ಹೆಸರು, ಹತ್ತಿರದ ಬಸ್ ಸ್ಟಾಪು, ಕೆಳಗೆ ‘ಮಂಗಳವಾರ ಸಂಜೆ 7ರಿಂದ 8.30’. ಪ್ರೆಸ್ಸಿನವನಲ್ಲವೇ, ಚೀಟಿ ಕೈಗೆ ಬಂದ ಕೂಡಲೇ ನನ್ನ ಕಣ್ಣು ಹೋದದ್ದು ಅಕ್ಷರದ ಕಡೆಗೆ. ಝೆರಾಕ್ಸಿನ ಝೆರಾಕ್ಸು, ಒತ್ತಕ್ಷರಗಳೆಲ್ಲ ಕಲಸಿಹೋಗಿದ್ದವು. ಏಳಕ್ಕೆ ಹತ್ತು ನಿಮಿಷ ಇರುವಾಗ ಶಾಲೆ ಮುಟ್ಟಿದೆ. ಗೇಟಿಗೆ ಬೀಗ. ಒಳಗೆ ಒಂದು ದೀಪವೂ ಇಲ್ಲ. ಎದುರಿನ ಬೇಕರಿಯವನನ್ನು ಕೇಳೋಣವೆಂದರೆ ಏನೆಂದು ಕೇಳುವುದು? ‘ಕುಡುಕರ ಮೀಟಿಂಗ್ ಎಲ್ಲಪ್ಪ’ ಅಂತಲೇ? ಒಂದು ಟೀ ಕುಡಿದೆ, ಇನ್ನೊಂದು ಕುಡಿದೆ. ಏಳೂ ಕಾಲಾಯಿತು. ಬೇಕರಿಯಿಂದ ಮೂರನೆಯ ಅಂಗಡಿ ವೈನ್ ಸ್ಟೋರು. ನಾನು ಬಂದಿದ್ದೆ, ಅವರೇ ಇರಲಿಲ್ಲ; ಇಷ್ಟು ಗಟ್ಟಿಯಾದ ನೆಪ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆ ರಾತ್ರಿ ದಿನದ ಲೆಕ್ಕಕ್ಕಿಂತ ಒಂದು ಕ್ವಾರ್ಟರ್ ಹೆಚ್ಚೇ ಆಯಿತು.

ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಮೆಷಿನ್ ಓಡಿಸುವವನು. ಊರು ಹಾಸನದ ಕಡೆ. ಹೆಸರು ಬೇಡ. ಆರೂವರೆಗೆ ಮೆಷಿನ್ ನಿಲ್ಲಿಸಿ, ಅದರ ರಬ್ಬರ್ ಬ್ಲಾಂಕೆಟ್ ಒರೆಸಿ, ಸೀಮೆಎಣ್ಣೆಯಲ್ಲಿ ಕೈ ತೊಳೆದು ಸೋಪು ಹಾಕುವಷ್ಟರಲ್ಲಿ ಏಳಾಗುತ್ತಿತ್ತು. ಆಮೇಲೆ ಕಾಲು ತಾವೇ ನಡೆಯುತ್ತಿದ್ದವು. ಹದಿನೈದು ವರ್ಷ ಆ ಏಳು ಗಂಟೆ ತಪ್ಪಿಲ್ಲ. ಕೊನೆಕೊನೆಗೆ ಬೆಳಿಗ್ಗೆ ಏಳೂ ಸೇರಿಕೊಂಡಿತು, ಯಾಕೆಂದರೆ ಒಂದು ನೈಂಟಿ ಒಳಗೆ ಹೋಗದೆ ಕೈ ನಿಲ್ಲುತ್ತಿರಲಿಲ್ಲ. ನಾಲ್ಕು ಬಣ್ಣದ ಕೆಲಸದಲ್ಲಿ ಒಂದರ ಮೇಲೊಂದು ಕೂದಲೆಳೆಯಷ್ಟು ಸರಿಯಾಗಿ ಕೂರಿಸಬೇಕು. ನಡುಗುವ ಕೈಯಲ್ಲಿ ಅದು ಆಗದ ಮಾತು.

ಬಿಡಲಿಲ್ಲ ಅಂತಲ್ಲ. ಬಿಟ್ಟೂ ಬಿಟ್ಟೂ ಸಾಕಾಗಿತ್ತು. ಎರಡು ವರ್ಷ ಅಯ್ಯಪ್ಪನ ಮಾಲೆ ಹಾಕಿದೆ, 41 ದಿನ ಮೂಸಿಯೂ ನೋಡಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮಾರನೆಯ ಸಂಜೆ ಏಳಕ್ಕೆ ಅದೇ ಬಾರು, ಅದೇ ಟೇಬಲ್ಲು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಊರಲ್ಲಿ ನಮ್ಮ ದೊಡ್ಡಪ್ಪ ‘ಇನ್ನು ನಾನು ಮನುಷ್ಯ ಆದೆ’ ಅಂದಿದ್ದರು; ತಿಂಗಳೊಳಗೆ ಪ್ಯಾಕೆಟ್ ಬದಲು ಅಗ್ಗದ ವಿಸ್ಕಿಗೆ ಹೊಂದಿಕೊಂಡರು. ಆಗ ನಕ್ಕಿದ್ದೆ, ನಾನೂ ಅದೇ ಜಾತಿ ಎಂದು ಗೊತ್ತಿರಲಿಲ್ಲ. ಹೆಂಡತಿ ಗೋಡೆಯ ಜಾಹೀರಾತು ನೋಡಿ, ‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎನ್ನುವ ಪುಡಿ ತರಿಸಿ ಸಾರಿಗೆ ಹಾಕಿದ್ದಳು. ಅವತ್ತು ಮುಖವೆಲ್ಲ ಕೆಂಪಾಗಿ, ಎದೆ ಡವಗುಟ್ಟಿ, ವಾಂತಿಯಾಗಿ ಸಾಯುತ್ತೇನೆ ಅಂದುಕೊಂಡೆ. ಮುಂದೆ ಡಾಕ್ಟರು ಆ ಕಥೆ ಕೇಳಿ ಅವಳಿಗೆ ಬೈದರು. ಕುಡಿದರೆ ಹೀಗಾಗುವಂತೆ ಮಾಡುವ ಡಿಸಲ್ಫಿರಾಮ್ ಎಂಬ ಮಾತ್ರೆಯಿದೆ, ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಯೇ ಕೊಡುವುದು. ಕದ್ದು ಹಾಕಿದರೆ ಜೀವಕ್ಕೇ ಸಂಚಕಾರ ಅಂದರು.

ಲಾಕ್‌ಡೌನ್ ಬಂತು. 2020ರ ಮಾರ್ಚ್ ಕೊನೆ. ಮನೆಯಲ್ಲಿಟ್ಟಿದ್ದು ಮುಗಿದ ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಇರುವೆ ಸಾಲು ಕಾಣತೊಡಗಿತು. ಅಡುಗೆಮನೆ ಬಾಗಿಲಲ್ಲಿ ಫಿಟ್ಸ್ ಬಂದು ಬಿದ್ದೆನಂತೆ. ನಾಲಿಗೆ ಕಚ್ಚಿಕೊಂಡಿದ್ದೆ. ಪಕ್ಕದ ಮನೆಯವರು ಕೈಗೆ ಬೀಗದ ಕೈಗೊಂಚಲು ಕೊಟ್ಟರಂತೆ, ಎಂಟನೇ ಕ್ಲಾಸಿನ ಮಗಳು ಅದನ್ನು ಹಿಡಿದು ಕೂತಿದ್ದಳಂತೆ. ಎಲ್ಲ ‘ಅಂತೆ’ಗಳು, ನನಗೆ ಒಂದೂ ನೆನಪಿಲ್ಲ. ದಿನವೂ ಕುಡಿಯುವವನು ಏಕಾಏಕಿ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಮೂರನೆಯ ದಿನದ ಹೊತ್ತಿಗೆ ಚಿತ್ತಭ್ರಮೆಯಾಗಬಹುದು, ಅದರಲ್ಲಿ ಜನ ಸತ್ತದ್ದೂ ಇದೆ ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ವಿಟಮಿನ್ ಬಿ1 ಇಂಜೆಕ್ಷನ್ ಚುಚ್ಚಿ, ನಿದ್ದೆ ಬರಿಸುವಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಇಳಿಸುತ್ತಾ ಮನೆಗೆ ಕಳಿಸಿದರು. ಮನಸ್ಸಿನ ಗಟ್ಟಿತನದ ಮಾತೆಲ್ಲ ಸರಿ, ಮೊದಲ ವಾರ ಮಾತ್ರ ಅದು ಡಾಕ್ಟರ ಕೆಲಸ. ಇದನ್ನು ಓದುವವರ ಮನೆಯಲ್ಲಿ ಅಂಥವರಿದ್ದರೆ ‘ಇವತ್ತಿಂದ ಬಂದ್’ ಎಂದು ಆಣೆ ಹಾಕಿಸಬೇಡಿ. ನಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆ ಇದೆ, ಏನೂ ತೋಚದಿದ್ದರೆ ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು.

ಮೇ 4ಕ್ಕೆ ಅಂಗಡಿ ತೆರೆದರು. ಬೆಳಿಗ್ಗೆಯೇ ಹೋಗಿ, ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತಿದ್ದೆ. ಸಾಲಿನಲ್ಲಿ ನನ್ನದು ಐವತ್ತರ ಮೇಲಿನ ನಂಬರು.

2022ರ ಫೆಬ್ರವರಿಯಲ್ಲಿ ಊರಿನ ಅಣ್ಣ ಬಂದು, ಹೆಚ್ಚು ಮಾತಾಡದೆ ಕರೆದುಕೊಂಡು ಹೋದ. ತಾಲ್ಲೂಕಿನ ಕಲ್ಯಾಣ ಮಂಟಪದಲ್ಲಿ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ. ಬ್ಯಾನರಿನಲ್ಲಿ ಎಷ್ಟನೆಯ ಶಿಬಿರ ಎಂದು ಸಾವಿರದ ಮೇಲಿನ ಸಂಖ್ಯೆ ಹಾಕಿದ್ದರು. ಇಷ್ಟು ಜನ ನನಗಿಂತ ಮುಂಚೆ ಬಂದು ಹೋಗಿದ್ದಾರಲ್ಲ ಎಂದು ಒಂಥರಾ ಸಮಾಧಾನ. ಎಂಟು ದಿನ. ಬೆಳಿಗ್ಗೆ ಎಬ್ಬಿಸಿ ವ್ಯಾಯಾಮ, ಭಜನೆ, ಆಪ್ತ ಸಲಹೆ, ಡಾಕ್ಟರ ತಪಾಸಣೆ, ಹೊಟ್ಟೆ ತುಂಬ ಊಟ. ಮನೆಯವರನ್ನು ಕರೆಸಿದ ದಿನ ಮಂಟಪದಲ್ಲಿ ಅಳದವರೇ ಇರಲಿಲ್ಲ. ನಾನು ತಮಾಷೆ ಮಾಡೋಣವೆಂದು ಕೂತವನು, ಮಗಳ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಮಾಡಿ, ಬಿಟ್ಟವರೆಲ್ಲ ಆಗಾಗ ಒಂದೆಡೆ ಸೇರುವ ಏರ್ಪಾಡು. ನಮ್ಮ ಬ್ಯಾಚಿನ ಅಡಿಕೆ ಕೊಯ್ಯುವವನೊಬ್ಬ ಇವತ್ತಿಗೂ ಬಿಟ್ಟೇ ಇದ್ದಾನೆ, ಯಾಕೆಂದರೆ ಅವನ ಸಮಿತಿ ಅವನ ಮನೆಯಿಂದ ಕೂಗಳತೆ. ನನಗೆ ಆ ಸಭೆ ನೂರಾ ಎಂಬತ್ತು ಕಿಲೋಮೀಟರ್. ಎರಡು ಸಲ ರಾತ್ರಿ ಬಸ್ಸಿಗೆ ಹೋದೆ. ಮೂರನೆಯದಕ್ಕೆ ಓವರ್‌ಟೈಮ್ ಇತ್ತು. ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದಿದ್ದರೆ ಲಗ್ನಪತ್ರಿಕೆಯಿಲ್ಲ, ನಾಲ್ಕು ಗಂಟೆಗೇ ಮೆಷಿನ್ ತಣ್ಣಗೆ. ನಾಲ್ಕರಿಂದ ಏಳರವರೆಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮತ್ತೆ ಆಸ್ಪತ್ರೆ, ಆ ಚೀಟಿ, ಆ ಬೀಗ.

ಎರಡನೆಯ ಸಲ ಹೋಗುವ ಮೊದಲು ಫೋನ್ ಮಾಡಿದೆ. ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಒಂದು ನಂಬರಿತ್ತು, ಅದನ್ನು ನೋಡಿದ್ದೇ ಆಮೇಲೆ. ಎತ್ತಿದ ದನಿ ಕೇಳಿದ ಮೊದಲ ಪ್ರಶ್ನೆ, “ಇವತ್ತು ಕುಡಿದಿದ್ದೀರಾ ಸಾರ್?”

ಸುಳ್ಳು ಹೇಳಲು ಬಾಯಿ ತೆರೆದವನು “ಹೂಂ” ಅಂದುಬಿಟ್ಟೆ.

“ಪರವಾಗಿಲ್ಲ, ಬನ್ನಿ. ಇವತ್ತು ಮಾತಾಡೋದು ಬೇಡ, ಸುಮ್ನೆ ಕೂತ್ಕೊಂಡು ಕೇಳಿ. ಶಾಲೆಯಿಂದ ಗ್ರೂಪ್ ಹೋಗಿ ವರ್ಷ ಆಯ್ತು. ಎಲ್ಲಿದ್ದೀರಿ ಹೇಳಿ, ನಾನೇ ಬರ್ತೀನಿ.” ಇಪ್ಪತ್ತು ನಿಮಿಷಕ್ಕೆ ಆಟೊ ಬಂದು ನಿಂತಿತು. ಓಡಿಸುತ್ತಿದ್ದವರೇ ಫೋನ್ ಎತ್ತಿದವರು. ಮೀಟರ್ ಹಾಕಲಿಲ್ಲ. ದಾರಿಯುದ್ದಕ್ಕೂ ನನ್ನ ಬಗ್ಗೆ ಒಂದೂ ಪ್ರಶ್ನೆ ಕೇಳದೆ, ತಾವು ಕುಡಿಯುತ್ತಿದ್ದ ಕಾಲದಲ್ಲಿ ಆಟೊದ ಸೀಟಿನಡಿ ಬಾಟಲಿ ಇಟ್ಟು, ಪೊಲೀಸರು ತಡೆದಾಗ ಅದರ ಮೇಲೆ ದೇವರ ಫೋಟೊ ಮುಚ್ಚಿದ್ದನ್ನು ಹೇಳಿದರು.

ಅವತ್ತು ಅವರು ಕರೆದೊಯ್ದದ್ದು ಒಂದು ಇಂಗ್ಲಿಷ್ ಗ್ರೂಪಿಗೆ, ಆ ದಿನ ಇದ್ದದ್ದು ಅದೊಂದೇ. ಇಸ್ತ್ರಿ ಅಂಗಿಯ ಕಂಪನಿ ಹುಡುಗರು, ನಿವೃತ್ತ ಅಧಿಕಾರಿಗಳು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಕೊರಳಲ್ಲಿ ಗುರುತಿನ ಕಾರ್ಡು ನೇತುಹಾಕಿಕೊಂಡೇ ಬಂದಿದ್ದ ಒಬ್ಬ ಹುಡುಗ ಮಾತಾಡುತ್ತಾ ಕೈ ಮುಂದೆ ಚಾಚಿ ತೋರಿಸಿದ. ಆ ನಡುಕಕ್ಕೆ ಭಾಷಾಂತರ ಬೇಕಿರಲಿಲ್ಲ.

ಕನ್ನಡದ ಗ್ರೂಪು ಸಿಕ್ಕಿದ್ದು ಅದರ ಮುಂದಿನ ಮಂಗಳವಾರ, ಒಂದು ಚರ್ಚಿನ ಹಿಂಬದಿಯ ಕೋಣೆಯಲ್ಲಿ. ಬೋರ್ಡಿಲ್ಲ. ವಾಚ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನು ಕೇಳುವ ಮೊದಲೇ “ಹಿಂದ್ಗಡೆ ಹೋಗಿ, ಟ್ಯೂಬ್‌ಲೈಟ್ ಉರೀತಾ ಇರೋ ರೂಮು” ಅಂದ. ಮುಖದ ಮೇಲೇ ಬರೆದಿತ್ತೇನೋ. ಚರ್ಚು ಎಂದಾಗ ಮತಾಂತರ ಗಿತಾಂತರ ಅಂತ ಮನಸ್ಸಿನಲ್ಲಿ ಒಂದು ಹುಳ ಓಡಾಡಿದ್ದೂ ನಿಜ. ಕೋಣೆಗೆ ಬಾಡಿಗೆ ಕೊಡುತ್ತಾರೆ, ಅಷ್ಟೇ ಸಂಬಂಧ ಎಂದು ಆಮೇಲೆ ತಿಳಿಯಿತು. ಅಂಡಾಕಾರದಲ್ಲಿ ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಟೀ ಫ್ಲಾಸ್ಕು, ಗೋಡೆಗೆ ಎಎಯವರು ಕುಡಿತ ಬಿಡಲು ಹೇಳುವ ಹನ್ನೆರಡು ಹೆಜ್ಜೆಗಳ ಪಟ. ವಿಭೂತಿಯವರಿದ್ದರು, ಟೋಪಿಯವರಿದ್ದರು, ಒಬ್ಬ ಟೀಚರಮ್ಮ ಇದ್ದರು. ಹೆಂಗಸರು ಕಡಿಮೆ, ಆ ಕೋಣೆಯಲ್ಲಿ ಅವರೊಬ್ಬರೇ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಉಪದೇಶವಿಲ್ಲ. ಸೇರಲು ಫಾರಂ ಇಲ್ಲ, ಫೀಸಿಲ್ಲ, ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು. ಅವತ್ತು ಮಾತು ಬಂದದ್ದು ಬಾಟಲಿ ಬಚ್ಚಿಡುವ ಜಾಗದ ಬಗ್ಗೆ. ಒಬ್ಬರು ಫ್ಲಶ್ ಟ್ಯಾಂಕು, ಒಬ್ಬರು ಅಕ್ಕಿ ಡ್ರಮ್ಮು. ಟೀಚರಮ್ಮ ಉತ್ತರಪತ್ರಿಕೆ ಕಟ್ಟಿನ ಹಿಂದೆ ಇಡುತ್ತಿದ್ದರಂತೆ, ‘ಮನೇಲಿ ಅದನ್ನ ಯಾರೂ ಮುಟ್ಟಲ್ಲ ನೋಡಿ’ ಅಂದರು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನದು ವಾರ್ನಿಷ್ ಡಬ್ಬಿಗಳ ಸಾಲಿನಲ್ಲಿ ಲೇಬಲ್ ತಿರುಗಿಸಿಟ್ಟ ಡಬ್ಬಿ. ಯಾರಿಗೂ ಗೊತ್ತಿಲ್ಲದ ಆ ಡಬ್ಬಿಯ ಗುಟ್ಟು ನಾಲಿಗೆಯ ತುದಿಗೆ ಬಂದು ನಿಂತಿತು. ಮಾತಾಡಲಿಲ್ಲ. ಆದರೆ ಎಂಟೂವರೆಯಾದದ್ದು ತಿಳಿಯಲಿಲ್ಲ. ಹದಿನೈದು ವರ್ಷದಲ್ಲಿ ಏಳರಿಂದ ಎಂಟೂವರೆ ನನಗೆ ಗೊತ್ತಾಗದೆ ಕಳೆದದ್ದು, ಎಚ್ಚರವಿದ್ದೂ, ಅದೇ ಮೊದಲು.

ಮೂರನೆಯ ವಾರ ಬಾಯಿ ಬಿಟ್ಟೆ. “ನಾನೊಬ್ಬ ಆಲ್ಕೊಹಾಲಿಕ್” ಎಂಬ ಎರಡು ಪದ ಹೊರಗೆ ಬರಲು ಎಷ್ಟು ಹೊತ್ತಾಯಿತೋ. ‘ಕುಡುಕ’ ಎಂದು ಹೆಂಡತಿ, ಅತ್ತೆ, ಓನರು, ಕಂಡಕ್ಟರು ಎಲ್ಲ ಕರೆದಿದ್ದರು. ನಾನು ನನ್ನನ್ನು ಹಾಗೆ ಕರೆದುಕೊಂಡಿರಲಿಲ್ಲ.

ಈ ಪದ್ಧತಿ ಶುರುವಾದ ಕಥೆಯನ್ನು ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಟೀ ಹೊತ್ತಿನಲ್ಲಿ ಹೇಳಿದರು. 1935, ಅಮೆರಿಕದ ಆಕ್ರನ್ ಊರು. ಬಿಲ್ ಎಂಬ ಷೇರುಪೇಟೆಯವನು, ಬಿಟ್ಟು ಕೆಲವೇ ತಿಂಗಳಾದವನು, ವ್ಯವಹಾರ ಕೆಟ್ಟು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾನೆ. ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಅವನು ಊರಿನ ಚರ್ಚುಗಳಿಗೆ ಫೋನ್ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಕೇಳಿದ. ಸಿಕ್ಕಿದ್ದು ಬಾಬ್ ಎಂಬ ಸರ್ಜನ್. ಆ ಡಾಕ್ಟರಿಗೂ ಕೈ ನಡುಕ. ಒಮ್ಮೆ ಆಪರೇಷನ್ನಿಗೆ ಹೋಗುವ ಮುನ್ನ ಕೈ ನಿಲ್ಲಲೆಂದು ಬಿಲ್ಲನೇ ಅವರಿಗೆ ಬಿಯರ್ ಕೊಟ್ಟನಂತೆ. ಅದು ಜೂನ್ 10, ಡಾಕ್ಟರರ ಕೊನೆಯ ಕುಡಿತ, ಅದನ್ನೇ ಎಎಯ ಹುಟ್ಟುಹಬ್ಬ ಎನ್ನುತ್ತಾರೆ. ಹನ್ನೆರಡು ಹೆಜ್ಜೆ, ದೇವರು, ಶರಣಾಗತಿ ಯಾವುದೂ ಅಷ್ಟು ಬೇಗ ನನ್ನ ತಲೆಗೆ ಹತ್ತಲಿಲ್ಲ. ಆ ಬಿಯರ್ ಹತ್ತಿತು. ನನ್ನ ಬೆಳಗಿನ ನೈಂಟಿಯನ್ನು ಅರ್ಥ ಮಾಡಿಕೊಳ್ಳುವ ಡಾಕ್ಟರೊಬ್ಬರು ತೊಂಬತ್ತು ವರ್ಷದ ಹಿಂದೆಯೇ ಇದ್ದರಲ್ಲ.

ಐದು ತಿಂಗಳು ನೆಟ್ಟಗಿದ್ದೆ. ವಿಧಾನಸಭೆ ಚುನಾವಣೆ ಬಂತು. ಪ್ರೆಸ್ಸಿನವರಿಗೆ ಅದು ಸುಗ್ಗಿ, ಹಗಲು ರಾತ್ರಿ ಕರಪತ್ರ. ಮಾಲು ಒಯ್ಯಲು ಬಂದವರು ಬಾಕ್ಸು ತಂದು ಮೆಷಿನ್ ಪಕ್ಕವೇ ಇಟ್ಟರು. ಎರಡು ಮಂಗಳವಾರ ಮೀಟಿಂಗ್ ತಪ್ಪಿತ್ತು. ಉಳಿದದ್ದು ಹೇಳುವುದು ಬೇಡ. ಹತ್ತು ಹನ್ನೆರಡು ದಿನ. ಆಟೊದವರೇ ಹುಡುಕಿಕೊಂಡು ಬಂದು ಡಾಕ್ಟರ ಹತ್ತಿರ ಕೂರಿಸಿದರು. ನನ್ನ ಲೆಕ್ಕ ಮತ್ತೆ ಶುರುವಾದದ್ದು 2023ರ ಮೇ 10ರಿಂದ, ಮತದಾನದ ದಿನ. ‘ಡ್ರೈ ಡೇ ದಿನ ಬಿಟ್ಟ ಶೂರ’ ಎಂದು ಗ್ರೂಪಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ವಾಪಸು ಕೋಣೆಗೆ ಹೋಗುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಬಾಗಿಲಲ್ಲಿ ನಿಂತೆ. ಯಾರಾದರೂ ‘ಯಾಕ್ರೀ ಹೀಗೆ ಮಾಡಿದ್ರಿ’ ಅಂದಿದ್ದರೆ ತಿರುಗಿ ಹೋಗುತ್ತಿದ್ದೆ. ಟೀಚರಮ್ಮ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗು ಎತ್ತಿ ಕೆಳಗಿಟ್ಟರು, ಅಷ್ಟೇ.

ಹೆಂಡತಿಯ ಮಾತು. ಕುಡುಕರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಸಭೆಗಳಿವೆ. ಹೋಗು ಎಂದರೆ, “ಕುಡಿದಿದ್ದು ನೀವು, ಮೀಟಿಂಗಿಗೆ ನಾನ್ಯಾಕೆ ಹೋಗ್ಬೇಕು ರೀ?” ಅಂದಳು. ಆ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಆಮೇಲೊಮ್ಮೆ ತಾನಾಗಿ ಹೋಗಿ ಬಂದಳು. ಏನು ನಡೆಯಿತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಜೇಬು ಮೂಸುವುದು ಮಾತ್ರ ನಿಂತಿತು. ಪೂರ್ತಿ ಅಲ್ಲ, ಹಬ್ಬದ ದಿನ ಈಗಲೂ ಮೂಸುತ್ತಾಳೆ.

ಒಂಬತ್ತನೆಯ ಹೆಜ್ಜೆ ಎಂದರೆ ನೋಯಿಸಿದವರಿಗೆ ಆದಷ್ಟು ಸರಿಮಾಡುವುದು. ನನ್ನ ಪಟ್ಟಿಯಲ್ಲಿ ಓನರು ಇದ್ದರು. 2019ರ ವೈಶಾಖದಲ್ಲಿ ಒಂದು ಮದುವೆ ಕಾರ್ಡು, ಮುಹೂರ್ತದ ವೇಳೆ ತಿದ್ದಿದ ಪ್ಲೇಟು ಪಕ್ಕದಲ್ಲೇ ಇದ್ದರೂ ನಾನು ತಿದ್ದದ ಪ್ಲೇಟನ್ನೇ ಏರಿಸಿ 600 ಕಾರ್ಡು ಹೊಡೆದಿದ್ದೆ. ಅವರು ರಾತ್ರಿಯೆಲ್ಲ ಕೂತು ಮತ್ತೆ ಮಾಡಿಸಿದ್ದರು, ನನ್ನ ಸಂಬಳ ಹಿಡಿದಿರಲಿಲ್ಲ. ತಿಂಗಳಿಗೆ 500ರಂತೆ ಕಾಗದದ ದುಡ್ಡು ಕೊಡುತ್ತೇನೆ ಎಂದಾಗ “ಯಾವ ಮದುವೆ ಮಾರಾಯ, ಆ ಹುಡುಗೀಗೆ ಈಗ ಎರಡು ಮಕ್ಕಳು” ಎಂದು ನಕ್ಕರು. ಆದರೂ ತಗೊಂಡರು. ತಗೊಂಡದ್ದು ದೊಡ್ಡದು.

ಹಾಗೆ ಮಾತಾಡುವಾಗ ಗ್ರೂಪಿನ ಚೀಟಿಯ ವಿಷಯ ಬಂತು. ಸರಿಯಾದ ವಿಳಾಸದ ಹೊಸ ಚೀಟಿ ಹೊಡೆಯಬೇಕು ಅಂದೆ. “ಒಂದು ಸಾವಿರ ಹೊಡ್ಕೋ, ದುಡ್ಡು ಬೇಡ, ಪುಣ್ಯದ ಕೆಲಸ” ಅಂದರು. ಖುಷಿಯಿಂದ ಹೋಗಿ ಹೇಳಿದರೆ ಸೆಕ್ರೆಟರಿ ಒಪ್ಪಲಿಲ್ಲ. ಏಳನೆಯ ಸಂಪ್ರದಾಯವಂತೆ: ಗ್ರೂಪಿನ ಖರ್ಚು ಗ್ರೂಪಿನವರದೇ, ಹೊರಗಿನವರ ಕಾಸು ಎಷ್ಟು ಒಳ್ಳೆಯ ಮನಸ್ಸಿನದಾದರೂ ಬೇಡ. ನನಗೆ ಸಿಟ್ಟೇ ಬಂತು. ತಿಂಗಳಿಗೆ ಬಾಡಿಗೆ ಹೊಂದಿಸಲು ಬುಟ್ಟಿಯಲ್ಲಿ ಹತ್ತು, ಇಪ್ಪತ್ತು ಎಣಿಸುವವರಿಗೆ ಇಂಥ ಗತ್ತು ಯಾಕೆ? ಮನೆಗೆ ಹೋಗುವಾಗ ಯೋಚಿಸಿದೆ. ಹದಿನೈದು ವರ್ಷ ನಾವೆಲ್ಲ ಬದುಕಿದ್ದೇ ಇನ್ನೊಬ್ಬರ ಕಾಸಿನಲ್ಲಿ. ಕೊನೆಗೆ ಬುಟ್ಟಿಯ ದುಡ್ಡಿನಲ್ಲಿ ಕಾಗದ ತಂದು, ಓನರಿಗೆ ಮೆಷಿನ್ನಿನ ಚಾರ್ಜು ಕಟ್ಟಿ, ಭಾನುವಾರ ನಾನೇ ಹೊಡೆದೆ. ಒತ್ತಕ್ಷರ ಒಂದೂ ಕಲಸಿಲ್ಲ. ನೋಡಿದವರು ಬರೀ ವಿಳಾಸ ನೋಡುತ್ತಾರೆ, ಇರಲಿ.

ಹೊಸ ಚೀಟಿ ಬಂತೆಂದು ಹಳೆಯದು ಸಾಯುವುದಿಲ್ಲವಲ್ಲ. ಯಾವ ಪರ್ಸಿನಲ್ಲಿ, ಯಾವ ಆಸ್ಪತ್ರೆ ಫೈಲಿನಲ್ಲಿ ಇನ್ನೂ ಎಷ್ಟಿವೆಯೋ. ಅದಕ್ಕೇ ಮಂಗಳವಾರ ಆರೂ ಮುಕ್ಕಾಲಿಗೆ ಹಳೆಯ ಶಾಲೆಯ ಗೇಟಿನ ಮುಂದೆ ಹದಿನೈದು ನಿಮಿಷ ನಿಂತು, ಆಮೇಲೆ ನಡೆದು ಚರ್ಚಿಗೆ ಹೋಗುತ್ತೇನೆ. ಬೇಕರಿಯವನಿಗೆ ಅಭ್ಯಾಸವಾಗಿದೆ, ಕೇಳದೆಯೇ ಟೀ ಕೊಡುತ್ತಾನೆ. ಎರಡು ವರ್ಷದಲ್ಲಿ ಮೂವರು ಸಿಕ್ಕಿದ್ದಾರೆ. ಒಬ್ಬರು ಈಗಲೂ ಬರುತ್ತಾರೆ.

ಹೋದ ಮಂಗಳವಾರ ಒಬ್ಬರು ಗೇಟಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದರು. ಕೈಯಲ್ಲಿ ಮಡಚಿದ ಕಾಗದ, ಬೀಗ ನೋಡುವುದು, ಗಡಿಯಾರ ನೋಡುವುದು. ಹತ್ತಿರ ಹೋಗಿ ಮೆಲ್ಲಗೆ “ಮೀಟಿಂಗಿಗೆ ಬಂದ್ರಾ ಸಾರ್?” ಅಂದೆ.

“ಹೌದು ಸಾರ್, ಏಳಕ್ಕೆ ಅಂದ್ರು. ಹುಡುಗ ಮ್ಯಾತ್ಸಲ್ಲಿ ಬಹಳ ವೀಕು. ಟ್ಯೂಷನ್ ಮೇಷ್ಟ್ರು ನೀವೇನಾ?”

ಅವರಿಗೆ ಪಕ್ಕದ ರಸ್ತೆಯ ಟ್ಯೂಷನ್ ಸೆಂಟರ್ ತೋರಿಸಿ ಕೋಣೆಗೆ ಹೋಗುವಷ್ಟರಲ್ಲಿ ಏಳೂ ಹತ್ತಾಗಿತ್ತು. ಫ್ಲಾಸ್ಕಿನ ಟೀ ಮುಗಿದಿತ್ತು.